ಮಾಮಾನ ದನಿಗೆ ಇನ್ನೂರೈವತ್ತು ವೋಲ್ಟು

ಚಿಂತೆ ಮಾಡುವುದನ್ನು ನಾನು ಯಾರಿಂದಲೂ ಕಲಿತವನಲ್ಲ. ಬಸ್ಸು ಹತ್ತಿದರೆ ಇಳಿಯುವ ಊರು ದಾಟಿಹೋದೀತೆಂಬ ಚಿಂತೆ, ಇಳಿದ ಮೇಲೆ ಛತ್ರಿ ಒಳಗೇ ಉಳಿಯಿತೇನೋ ಎಂಬ ಚಿಂತೆ. ಇಂಥವನ ಕೈಗೆ ಇನ್ನೂರೈವತ್ತು ವೋಲ್ಟು ಹಿಡಿಸಿದವರು ನಮ್ಮ ಮಾಮಾ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಮಗಳನ್ನು ನನಗೆ ಕೊಟ್ಟ ಮಾವನೂ ಅವರೇ. ಸವಣೂರಿನ ಒಂದು ಮಠದಲ್ಲಿ ಶ್ರಾವಣ ತಿಂಗಳಿಡೀ ಪುರಾಣ ಹೇಳುವ ಗೌರವ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರದಾಗಿತ್ತು. ಎಡಗೈಯಲ್ಲಿ ಶ್ರುತಿಪೆಟ್ಟಿಗೆ ಒತ್ತುತ್ತ, ಬಲಗೈಯಲ್ಲಿ ಹಾಳೆ ತಿರುವುತ್ತ, ಪದ್ಯ ಹಾಡಿ ಅರ್ಥ ಬಿಡಿಸುವರು. ಹರೆಯದಲ್ಲಿ ಹಿಡಿದ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಎರಡು. ಅರವತ್ತು ದಾಟಿದರೂ ಅದೇ ಕರಿ ಎರಡು. ಆ ಎತ್ತರಕ್ಕೆ ಏರುವಷ್ಟರಲ್ಲಿ ಅವರ ದನಿ ನೂಲಿನಂತೆ ಸಣ್ಣಗಾಗಿ ಮೂರನೆಯ ಸಾಲಿನಲ್ಲೇ ಕಡಿದು ಬೀಳುತ್ತಿತ್ತು.

"ಅಪ್ಪಾ, ಶ್ರುತಿ ಒಂದೀಟು ಇಳಿಸಿ ಹಾಡಿದ್ರ ಆಗೂದಿಲ್ಲೇನು?" ಎಂದು ನನ್ನ ಹೆಂಡತಿ ಮೂರು ವರ್ಷ ಕೇಳಿದಳು.

"ಇವತ್ತ ಶ್ರುತಿ ಇಳಸು ಅಂತಿ, ನಾಳೆ ರುಮಾಲ ಇಳಸು ಅಂತಿ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಮಠದ ಹಿರಿಯರೊಬ್ಬರು ಯುಗಾದಿಯ ಮುಂಚೆಯೇ ಮಾಮಾನ ಮನೆಗೆ ಬಂದು, ಚಹಾ ಕುಡಿದು, ನೆಲ ನೋಡುತ್ತ ಹೇಳಿದರು: "ಹಿಂದ ಕುಂತವರಿಗೆ ಏನೂ ಕೇಳಸೂದಿಲ್ರಿ ಶಾಸ್ತ್ರಿಗಳ. ಈ ಸಲಾನೂ ಹಂಗ ಆದ್ರ, ಮಂಗಲದ ದಿನಾ ಬ್ಯಾರೆಯವರಿಗೆ ವೀಳ್ಯ ಕೊಡಬೇಕಾಕ್ಕೈತಿ." ಪುರಾಣ ಮುಗಿಯುವ ಮಂಗಲದ ದಿನ ಯಾರ ಕೈಗೆ ವೀಳ್ಯ ಬರುತ್ತದೋ ಮುಂದಿನ ಶ್ರಾವಣ ಅವರದು.

ಮರುದಿನವೇ ಮಾಮಾ ಹಾನಗಲ್ಲಿನ ನನ್ನ ಅಂಗಡಿಗೆ ಬಂದರು. ಗಡಿಯಾರ, ಗ್ರಾಮೋಫೋನ್ ರಿಪೇರಿಯ ಅಂಗಡಿ. "ಭಾಷಣಕ್ಕ ಹಚ್ತಾರಲ್ಲ, ಅಂಥಾದ್ದೊಂದು ಮಷೀನ್ ಮಾಡಿಕೊಡು. ಸಣ್ಣದಿರಲಿ, ಬಸ್ಸಿನ್ಯಾಗ ಕಾಲ ಬುಡಕ ಹಿಡೀಬೇಕು." ಶ್ರುತಿ ಇಳಿಸಲಾರರು, ನನ್ನನ್ನು ಮಾತ್ರ ಈ ಕೆಲಸಕ್ಕೆ ಇಳಿಸಿದರು.

ಬಿಸ್ಕಿಟ್ ಡಬ್ಬಿಯ ತಗಡಿನ ಮೇಲೆ ಮೂರು ಗಾಜಿನ ವಾಲ್ವು ಕೂಡಿಸಿ ಆಂಪ್ಲಿಫೈಯರ್ ಮಾಡಿ, ಮೈಕು, ಹಾರ್ನು ಹೊಂದಿಸಿದ್ದು ಒಂದು ತಿಂಗಳಲ್ಲಿ ಆಯಿತು. ತಕರಾರು ಅಲ್ಲಿರಲಿಲ್ಲ. ಮೋಟಾರಿನ ಆರು ವೋಲ್ಟಿನ ಬ್ಯಾಟರಿಗೆ ಹಚ್ಚಿದರೆ ವಾಲ್ವುಗಳು ಒಳಗೆ ಕೆಂಪಗಾಗುತ್ತವೆ, ಅಷ್ಟೇ. ಅವು ಕೆಲಸ ಮಾಡಬೇಕಾದರೆ ಬೇರೆ ಇನ್ನೂರೈವತ್ತು ವೋಲ್ಟು ಬೇಕು. ನಮ್ಮಲ್ಲಾಗಲಿ ಸವಣೂರಿನ ಮಠದಲ್ಲಾಗಲಿ ಕರೆಂಟು ಎಲ್ಲಿತ್ತು? ಆ ಇನ್ನೂರೈವತ್ತನ್ನು ಚೀಲದಲ್ಲಿ ಕಟ್ಟಿಕೊಂಡೇ ಹೋಗಬೇಕು.

ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರ ರೇಡಿಯೋ ಒಣ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಒಂದೊಂದೂ ಇಟ್ಟಿಗೆಯಷ್ಟು ತೂಕ, ಇನ್ನೂರೈವತ್ತಕ್ಕೆ ಅಂಥವು ಮೂರು ಬೇಕು. ಆದರೂ ಚಾರ್ಜು, ಸದ್ದು, ಹೊಗೆ ಯಾವ ರಗಳೆಯೂ ಇಲ್ಲವಲ್ಲ ಎಂದು ಹೋದೆ. ಯುದ್ಧದಿಂದಾಗಿ ಪೇಟೆಯಲ್ಲಿ ಹೊಸವು ಸಿಗುತ್ತಿರಲಿಲ್ಲ. ಅವರ ಬಳಿ ಇದ್ದದ್ದು ಸರಿಯಾಗಿ ಮೂರು.

"ಯುದ್ಧ ಮುಗೀತಲ್ರಿ, ಇನ್ನ ಸುದ್ದಿ ಏನ ಕೇಳ್ತೀರಿ?" ಎಂದೆ.

"ಯುದ್ಧ ಮುಗೀತ್ರಿ, ಹತ್ತಿ ಧಾರಣಿ ಎಲ್ಲಿ ಮುಗೀತು?" ಎಂದು ಅವರು ರೇಡಿಯೋದ ಮೇಲೆ ವಲ್ಲಿ ಹೊದಿಸಿದರು. ನನ್ನ ದೃಷ್ಟಿ ತಾಗೀತೆಂದು ಕಾಣುತ್ತದೆ.

ಆಮೇಲೆ ವೈಬ್ರೇಟರ್ ತರಿಸಿದೆ. ಅಂಗೈಯಗಲದ ತಗಡಿನ ಡಬ್ಬಿ. ಒಳಗೆ ಒಂದು ಪಟ್ಟಿ ಪಟಪಟನೆ ನಡುಗಿ ಆರು ವೋಲ್ಟನ್ನು ಮೇಲಕ್ಕೆ ಏರಿಸಲು ಅನುವು ಮಾಡಿಕೊಡುತ್ತದೆ. ಇದಕ್ಕಿಂತ ಸಣ್ಣದು ಬೇರೆ ಇಲ್ಲ. ಆದರೆ ಆ ನಡುಕವೆಲ್ಲ ಹಾರ್ನಿನಲ್ಲಿ ಕೇಳುತ್ತಿತ್ತು. ಮಾಮಾ ಒಂದು ಪದ್ಯ ಹಾಡಿ ನಿಲ್ಲಿಸಿದರು. "ಲೇ ಅಳಿಯಾ, ಪುರಾಣ ಯಾರು ಹೇಳಾಕತ್ತಾರ, ನಾನೋ ಜೀರ್ಜಿಂಬಿಯೋ?" ಒಂದು ತಾಸಿಗೆ ಆ ಪಟ್ಟಿ ಅಂಟಿಕೊಂಡು ಸುಟ್ಟ ವಾಸನೆ ಬಂತು. ಮೂರು ಸಲ ಅರ ತಿಕ್ಕಿದೆ, ಮೂರು ಸಲವೂ ಅಂಟಿತು.

ಕೊನೆಗೆ ಸಿಕ್ಕಿದ್ದು ಹುಬ್ಬಳ್ಳಿಯ ಗುಜರಿಯಲ್ಲಿ, ಮಿಲಿಟರಿಯವರು ಮಾರಿದ ಸಾಮಾನಿನ ರಾಶಿಯೊಳಗೆ: ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದಪ್ಪದ ಕನ್ವರ್ಟರು. ಒಂದು ತುದಿಗೆ ಬ್ಯಾಟರಿ ಹಚ್ಚಿದರೆ ಗಿರಗಿರ ತಿರುಗಿ ಇನ್ನೊಂದು ತುದಿಯಲ್ಲಿ ಇನ್ನೂರೈವತ್ತು ಕೊಡುತ್ತಿತ್ತು. ಕೊಡುತ್ತದೆಂಬುದನ್ನು ನನ್ನ ಬಲಗೈಯೇ ಪರೀಕ್ಷೆ ಮಾಡಿತು. ಗೋಡೆಗೆ ಆತು ಕುಳಿತವನನ್ನು ನೋಡಿ ಹೆಂಡತಿ, "ಗಡಿಯಾರದ ಮುಳ್ಳು ಕೂಡಸೋ ಕೈ ನೋಡ್ರಿ, ಹೆಂಗ ಕುಣಿಯಾಕತ್ತೈತಿ," ಎಂದಳು. ನೀರು ಕೊಟ್ಟದ್ದು ಆಮೇಲೆ.

ತಂತಿ ಉದ್ದವಾದರೆ ಶಕ್ತಿ ಸೋರಿಹೋಗುತ್ತದೆ. ಆದ್ದರಿಂದ ಶ್ರಾವಣ ಬಂದಾಗ ಕನ್ವರ್ಟರನ್ನು ಕಂಬಳಿಯಲ್ಲಿ ಸುತ್ತಿ, ಮಠದಲ್ಲಿ ಮಾಮಾ ಕೂಡುವ ಮಂಚದ ಕೆಳಗೇ ಇಟ್ಟೆ. ಹಾರ್ನಿನಲ್ಲಿ ಸದ್ದಿಲ್ಲ, ಆದರೆ ಮಂಚದ ಕೆಳಗಿನಿಂದ ಗುಂಯ್ ಎಂದು ಒಂದೇ ಸಮ ನಾದ. ಮೊದಲ ದಿನ ಸಂಜೆ, ಜನ ಕೂಡುವ ಮುಂಚೆ ಮಾಮಾ ಶ್ರುತಿಪೆಟ್ಟಿಗೆ ಒತ್ತಿದರು. ಎರಡೂ ನಾದಗಳ ನಡುವೆ ಕೂದಲೆಳೆಯಷ್ಟು ಅಂತರ. ಕೇಳಿದರೆ ಹಲ್ಲು ಜುಮ್ಮೆನ್ನುವಂತಿತ್ತು.

"ಎರಡರಾಗ ಒಂದು ಬಂದ್ ಮಾಡು."

"ನಂದು ಬಂದ್ ಮಾಡಿದ್ರ ನಿಮ್ಮ ದನಿ ಬಂದ್ ಆಕ್ಕೈತಿ, ಮಾಮಾ."

ಅವರು ತಲೆ ವಾರೆ ಮಾಡಿ ಕೇಳಿದರು. "ಕರಿ ಎರಡರ ಹತ್ರಾನ ಐತಿ. ನಡೀತೈತಿ ಬಿಡು," ಎಂದು ಶ್ರುತಿಪೆಟ್ಟಿಗೆಯನ್ನು ಬದಿಗೆ ಸರಿಸಿದರು. ಕಿವಿಗೆ ಬಿದ್ದ ನಾದಕ್ಕೆ ದನಿ ಕೂಡಿಸುವುದು ಅವರಿಗೆ ಐವತ್ತು ವರ್ಷದ ರೂಢಿ.

ನಾನು ಅಂಗಡಿಗೆ ಬೀಗ ಹಾಕಿ ತಿಂಗಳಿಡೀ ಮಂಚದ ಮಗ್ಗುಲಿಗೆ ಕುಳಿತೆ. ದಿನವೂ ಬೆಳಿಗ್ಗೆ ಬ್ಯಾಟರಿ ಹೊತ್ತು ಶಿಗ್ಗಾವಿಯ ಹಿಟ್ಟಿನ ಗಿರಣಿಗೆ ಹೋಗುವುದು, ಅಲ್ಲಿಯ ಎಂಜಿನ್ನಿಗೆ ಕಟ್ಟಿದ ಡೈನಮೋದಿಂದ ಚಾರ್ಜು ಮಾಡಿಸುವುದು, ಬಸ್ಸಿನಲ್ಲಿ ಆಸಿಡ್ ಚೆಲ್ಲಿ ಪಂಜೆಯೆಲ್ಲ ತೂತು ಮಾಡಿಕೊಳ್ಳುವುದು. ಒಂದು ಸಂಗತಿ ಮಾತ್ರ ತಿಳಿಯದೆ ಕಾಡುತ್ತಿತ್ತು. ಮೊದಲ ಅರ್ಧ ತಾಸು ಮಾಮಾ ಕೆಮ್ಮುತ್ತ, ಎಳೆಯುತ್ತ ಹಾಡುವರು. ಆಮೇಲೆ ದನಿ ತಾನಾಗಿ ತೆರೆದುಕೊಳ್ಳುವುದು.

ಮೂರನೆಯ ಸಂಜೆ ನನ್ನ ಕಿವಿಗೆ ಅದು ಸಿಕ್ಕಿತು. ಕೀಲಿ ಇಳಿದ ಗ್ರಾಮೋಫೋನಿನಲ್ಲಿ ಹಾಡುವವರ ದನಿ ಕೆಳಕ್ಕೆ ಜಾರುವುದನ್ನು ದಿನವೂ ಕೇಳಿದವನು ನಾನು. ಹಳೆಯ ಬ್ಯಾಟರಿ ಸೋತಂತೆ ಕನ್ವರ್ಟರು ನಿಧಾನವಾಗುತ್ತಿತ್ತು, ಅದರ ನಾದ ಇಳಿಯುತ್ತಿತ್ತು, ಅದನ್ನೇ ಶ್ರುತಿಯೆಂದು ಹಿಡಿದ ಮಾಮಾ ಹಿಂದಿಂದೆಯೇ ಇಳಿಯುತ್ತಿದ್ದರು. ಪುರಾಣ ಮುಗಿಯುವ ಹೊತ್ತಿಗೆ ಕರಿ ಎರಡಕ್ಕಿಂತ ಮೂರು ಮನೆ ಕೆಳಗೆ, ಬಿಳಿ ಒಂದು. ರುಮಾಲು ಮಾತ್ರ ಇದ್ದಲ್ಲೇ ಇತ್ತು.

ಅವರಿಗೆ ತಿಳಿದರೆ ನನ್ನ ಗತಿ ಏನು? ಪುರಾಣ ಕೇಳಲು ಬಂದಿದ್ದ ಹೆಂಡತಿಯ ಮುಂದೆ ಬಾಯಿ ಬಿಟ್ಟೆ.

"ಹೇಳಬ್ಯಾಡ್ರಿ. ಹೇಳಿದ್ರ ಮತ್ತ ಮ್ಯಾಲೆ ಹತ್ತತಾರ," ಎಂದಳು.

ಮಂಗಲದ ದಿನ ಶಿಗ್ಗಾವಿಯ ಗಿರಣಿಯ ಪಟ್ಟಾ ಹರಿದಿತ್ತು. ಅರೆಜೀವದ ಬ್ಯಾಟರಿಯನ್ನೇ ಹೊತ್ತು ತಂದೆ. ಅಂದು ಕನ್ವರ್ಟರಿನ ನಾದ ಬಿಳಿ ಒಂದರಲ್ಲೇ ಹುಟ್ಟಿತು; ಮಾಮಾ ಅಲ್ಲಿಂದಲೇ ಎತ್ತಿಕೊಂಡರು. ಅರ್ಧ ತಾಸಿಗೆ ಒಂದು ಪದ್ಯದ ನಡುವೆ ಕಂಬಳಿಯ ಗಂಟು ಗುರ್ ಎಂದು ನಿಂತೇಹೋಯಿತು, ಹಾರ್ನು ಸತ್ತಿತು. ಮಠ ತುಂಬ ಜನ. ಇಪ್ಪತ್ತು ವರ್ಷದ ವೀಳ್ಯ ನನ್ನ ಕೈಯಿಂದಲೇ ಹೋಯಿತು ಎಂದುಕೊಂಡು, ಜನರನ್ನು ದಾಟುತ್ತ, ಹಿಂದಿನ ಸಾಲಿನಲ್ಲಿದ್ದ ಆ ಹಿರಿಯರ ಬಳಿ ಹೋಗಿ ಕೈ ಮುಗಿದೆ.

"ಕುಂದರ್ರಿ ಗಡಿಯಾರದವರ," ಎಂದರು ಅವರು. "ಅಡ್ಡ ನಿಂತೀರಿ. ಶಾಸ್ತ್ರಿಗಳ ಮಾರಿ ಕಾಣವಲ್ದು."

"ಮಷೀನ್ ನಿಂತೈತ್ರಿ."

"ಹೌದೇನು? ಇಲ್ಲಿತನ ಚೊಲೋ ಕೇಳಸಾಕತ್ತೈತಲ್ಲ."

ಕುಳಿತೆ. ನಿಜವಾಗಿಯೂ ಕೇಳುತ್ತಿತ್ತು, ಒಂದೊಂದು ಅಕ್ಷರವೂ. ಯಾವ ಆಸರೆಯೂ ಇಲ್ಲದೆ ಮಾಮಾ ಬಿಳಿ ಒಂದನ್ನು ಕೊನೆಯವರೆಗೆ ಅಲ್ಲಾಡದಂತೆ ಹಿಡಿದಿದ್ದರು. ವೀಳ್ಯ ಅವರ ಕೈಗೇ ಬಂತು.

ಮರುದಿನ ಬಸ್ಸಿನಲ್ಲಿ ಅವರು ಶ್ರುತಿಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟರು. "ಇದರ ರೀಡ್ ತಗದು ಬಿಳಿ ಒಂದರದು ಹಾಕಿಕೊಡು."

"ನಿಮಗ ಗೊತ್ತಿತ್ತೇನು ಮಾಮಾ?"

"ಕಿವಿ ಐತಲೇ ನನಗ. ಎರಡನೇ ದಿನಾನ ಗೊತ್ತಾತು."

"ಮತ್ತ ಸುಮ್ಮನಿದ್ರೆಲ್ಲ?"

"ನಾ ಎಲ್ಲಿ ಇಳಿಸಿದೆ? ನಿನ್ನ ಮಷೀನ್ ಇಳಿಸಿತು." ಕಿಟಕಿಯ ಹೊರಗೆ ನೋಡುತ್ತ ಮುಂದುವರಿಸಿದರು: "ಬರೋ ವರ್ಷ ಆ ಗಂಟು ತರಬ್ಯಾಡ. ಕಾಲಿಡಾಕ ಜಾಗಾ ಆಗೂದಿಲ್ಲ."

ಐದು ತಿಂಗಳು, ಮೂರು ಬಗೆಯ ವೋಲ್ಟು, ಎರಡು ಪಂಜೆ. ನಾದ ಹುಟ್ಟಿಸುವ ಆ ಹಿತ್ತಾಳೆಯ ರೀಡು ಬದಲಿಸಲು ನನಗೆ ಹಿಡಿದದ್ದು ಕಾಲು ತಾಸು, ಅದರಲ್ಲಿ ಅರ್ಧ ಹೊತ್ತು ಕನ್ನಡಕ ಹುಡುಕುವುದಕ್ಕೆ.