ನನ್ನ ವ್ಯಾನಿಗೆ ಕ್ಲಚ್ ಬಂದದ್ದು

ಲಾರಿಯೊಂದು ಹಾಯ್ದು ನರ ಕೆಟ್ಟಮೇಲೆ ನನ್ನ ಎಡಗಾಲಿನ ಪಾದ ಮೇಲೇಳುವುದಿಲ್ಲ, ಮಂಡಿಯಲ್ಲೂ ಕಸುವಿಲ್ಲ. ನಿಧಾನವಾಗಿ ನಡೆದರೆ ಕುಂಟು ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ನಿಧಾನವೇ ನನ್ನ ಸ್ವಭಾವ ಎಂದು ಜನ ನಂಬುವ ಹಾಗೆ ನಡೆದುಕೊಂಡಿದ್ದೆ.

ಸಂಜಯನಗರದಲ್ಲಿ ನಮ್ಮದು ಹಳೆಯ ಸೋಫಾಗಳಿಗೆ ಹೊಸ ಬಟ್ಟೆ, ಸ್ಪಂಜು ಹಾಕಿಕೊಡುವ ಅಂಗಡಿ. ಸೋಫಾ ತರಲು, ತಲುಪಿಸಲು ಒಂದು ಡೀಸೆಲ್ ವ್ಯಾನ್. ಅದರಲ್ಲಿ ಕ್ಲಚ್ ಪೆಡಲ್ ಇರಲಿಲ್ಲ, ಗೇರು ತಾನಾಗಿಯೇ ಬದಲಾಗುತ್ತಿತ್ತು. ಓಡಿಸಲು ಬಲಗಾಲೊಂದಿದ್ದರೆ ಸಾಕು. ಅದಕ್ಕೆಂದೇ ಹುಡುಕಿ ಕೊಂಡ ಗಾಡಿ. ಯಾರಾದರೂ ಕೇಳಿದರೆ ಮಾತ್ರ, ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ಸಾಕಾಯಿತು ಎನ್ನುತ್ತಿದ್ದೆ.

ಕಳೆದ ವರ್ಷ ಅದು ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಗೇರು ಹಿಡಿಯದೆ ನಿಂತುಬಿಟ್ಟಿತು. ಎಳೆಸಿಕೊಂಡು ಯಶವಂತಪುರದ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಗಾಡಿಯ ಅಡಿಗೆ ಇಳಿದು ನೋಡಿ, ಕೈ ಒರೆಸಿಕೊಳ್ಳುತ್ತಾ ಬಂದ.

"ಗೇರ್ ಹಾಕೋ ಯೂನಿಟ್ಟೇ ಹೋಗಿದೆ ಸಾರ್. ಈ ಗಾಡಿಗೆ ಅದು ಈಗ ಸಿಗಲ್ಲ. ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಪೆಡಲ್, ಗೇರ್ ಲಿವರ್ ಕೂರಿಸಿ ಮ್ಯಾನ್ಯುಯಲ್ ಮಾಡ್ಬಿಡೋಣ. ನಿಮ್ಗೆ ಕ್ಲಚ್ ಗಾಡಿ ಬರುತ್ತಲ್ವಾ?"

ಬೆಂಚಿನ ಮೇಲೆ ಟೀ ಕುಡಿಯುತ್ತಾ ಕೂತಿದ್ದವರು ನನ್ನ ಕಡೆ ನೋಡಿದರು. ನನ್ನ ಎಡಗಾಲು ಕೆಲಸ ಮಾಡಲ್ಲಪ್ಪಾ ಎಂದು ಹೇಳಲು ಬಾಯಿಯೇ ಬರಲಿಲ್ಲ.

"ಬರುತ್ತೆ, ಮಾಡಿ," ಎಂದೆ.

ಮನೆಯಲ್ಲಿ ಹೆಂಡತಿಗೆ ರಿಪೇರಿ ನಡೆಯುತ್ತಿದೆ ಎಂದಷ್ಟೇ ಹೇಳಿದೆ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ಗೋಡೆಗೆ ಎಡಪಾದ ಒತ್ತಿ ನೋಡುತ್ತಿದ್ದೆ. ಒತ್ತಿದಂತೆ ಅನಿಸುತ್ತಿತ್ತು. ಬೇಕಾದಾಗ ಹೇಗೋ ಬಲ ಬಂದುಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ವ್ಯಾನ್ ಸಿದ್ಧವಾದ ದಿನ ಮೆಕ್ಯಾನಿಕ್ ಖುಷಿಯಾಗಿದ್ದ. ಗೇರ್ ಲಿವರಿನ ತುದಿಗೆ ಹೊಸ ಗುಂಡು ಹಾಕಿದ್ದ, ಪೆಡಲಿಗೆ ಹೊಸ ರಬ್ಬರು. "ಬೆಣ್ಣೆ ಥರ ಇದೆ. ಒಂದ್ ರೌಂಡ್ ಹೊಡ್ಕೊಂಡ್ ಬನ್ನಿ," ಎಂದು ಕೀಲಿ ಕೊಟ್ಟ.

ಕೂತು ಎಂಜಿನ್ ಶುರುಮಾಡಿ, ಎಡಪಾದವನ್ನು ಕೈಯಿಂದಲೇ ಎತ್ತಿ ಪೆಡಲಿನ ಮೇಲಿಟ್ಟೆ. ಮಂಡಿಯ ಮೇಲೆ ಅಂಗೈ ಊರಿ ಒತ್ತಿದೆ. ಪೆಡಲ್ ಕೆಳಗಿಳಿಯಿತು. ಇನ್ನೊಂದು ಕೈಯಿಂದ ಗೇರು ಹಾಕಿ, ಸ್ಟೇರಿಂಗ್ ಹಿಡಿಯಲು ಮಂಡಿಯ ಮೇಲಿನ ಕೈ ತೆಗೆದದ್ದೇ ತಡ, ಪಾದ ಜಾರಿತು. ವ್ಯಾನ್ ಮುಂದಕ್ಕೆ ನೆಗೆದು ಹಳೆಯ ಟಯರುಗಳ ರಾಶಿಗೆ ಗುದ್ದಿ ನಿಂತಿತು. ಟಯರೊಂದು ಉರುಳಿ ರಸ್ತೆಗೇ ಹೋಯಿತು. ಬಸ್ಸೊಂದು ಹಾರ್ನ್ ಹೊಡೆದುಕೊಂಡು ಪಕ್ಕಕ್ಕೆ ಸರಿಯಿತು.

"ಏನ್ ಗುರು, ಲೈಸೆನ್ಸ್ ಎಲ್ ತಗೊಂಡೆ?" ಎಂದು ಬೆಂಚಿನ ಮೇಲಿದ್ದ ಒಬ್ಬ ಕೂಗಿದ. ಉಳಿದವರು ನಕ್ಕರು.

ಮೆಕ್ಯಾನಿಕ್ ಓಡಿಬಂದು ಬಾಗಿಲು ತೆಗೆದ. ಪೆಡಲಿನ ಪಕ್ಕ ಓರೆಯಾಗಿ ಬಿದ್ದಿದ್ದ ನನ್ನ ಪಾದವನ್ನು ನೋಡಿದ. ನಾನು ಅದನ್ನು ಎರಡೂ ಕೈಯಿಂದ ಎಳೆದುಕೊಂಡೆ.

"ಮೊದ್ಲೇ ಹೇಳ್ಬಾರ್ದಿತ್ತಾ ಸಾರ್?" ಎಂದು ರೇಗಿದ. "ನಾನೇನ್ ಡಾಕ್ಟ್ರಾ, ನೋಡ್ತಿದ್ದಂಗೇ ಗೊತ್ತಾಗೋಕೆ? ರಸ್ತೇಲಿ ಯಾರ್ಗಾದ್ರೂ ಗುದ್ದಿದ್ರೆ?"

ನಗು ನಿಂತಿತು. ಅವರು ನಗುತ್ತಲೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಲೈಸೆನ್ಸಿನ ಮಾತಾಡಿದ್ದವನೇ ನನಗೆ ಕುರ್ಚಿ ತಂದಿಟ್ಟ.

ಬೇರೆ ದಾರಿ ಕಾಣದೆ ಹೆಂಡತಿಗೆ ಫೋನ್ ಮಾಡಿದೆ. ಅವಳು ಗದಗದವಳು, ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿದವಳು. ಇಲ್ಲಿಗೆ ಬಂದಮೇಲೆ ಲೈಸೆನ್ಸನ್ನೂ ಮಾಡಿಸಿದ್ದಳು. ಆಟೋದಲ್ಲಿ ಬಂದಿಳಿದವಳೇ ಮೊದಲು ಪೆಡಲ್ ನೋಡಿದಳು, ಆಮೇಲೆ ನನ್ನನ್ನು.

"ಇದನ್ನ ಯಾಕ ಹಾಕಿಸಿದ್ರಿ?"

ನಾನು ಕೀಲಿಯನ್ನು ಅವಳ ಕೈಗಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಸೀಟು ಮುಂದಕ್ಕೆಳೆದು, ಸೆರಗು ಸಿಕ್ಕಿಸಿ, ಮತ್ತಿಕೆರೆ ದಾರಿಯಲ್ಲಿ ವ್ಯಾನನ್ನು ಮನೆಗೆ ತಂದಳು. ಪ್ರತಿ ಸಿಗ್ನಲ್ಲಿನಲ್ಲೂ ಅವಳ ಎಡಗಾಲು ಸಲೀಸಾಗಿ ಏಳುವುದು, ಇಳಿಯುವುದು ನನ್ನ ಕಣ್ಣಿಗೆ ಬೀಳುತ್ತಿತ್ತು. ಕಿಟಕಿಯ ಕಡೆ ತಿರುಗಿ ಕೂತೆ.

ಅಂದಿನಿಂದ ವ್ಯಾನ್ ಅವಳದೇ. ಮೊದಮೊದಲು ಗಿರಾಕಿಗಳ ಮನೆ ಬಂದಾಗ ನಾನು ಸೀಟಿನಲ್ಲಿ ಕುಗ್ಗಿ ಕೂರುತ್ತಿದ್ದೆ. ಜಾಲಹಳ್ಳಿಯ ಕ್ವಾರ್ಟರ್ಸ್ ಒಂದರಲ್ಲಿ ಗಿರಾಕಿಯೊಬ್ಬರು, "ಏನ್ರೀ, ಮೇಡಂ ಕೈಲಿ ಓಡಿಸ್ತಿದೀರಾ?" ಎಂದು ಕೇಳಿದರು.

"ಅವಳಿಗೆ ಓಡಿಸೋದು ಅಂದ್ರೆ ಇಷ್ಟ ಸಾರ್," ಎಂದೆ. ಮುಖ ಬಿಸಿಯಾಯಿತು.

ಹೊರಟಮೇಲೆ ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನನಗ ಇಷ್ಟ ಅನ್ನೋದು ಖರೇ ಐತ್ರಿ. ಆದ್ರ ನೀವು ಅದನ್ನ ಹೇಳಿದ್ದು ನನ್ನ ಸಲುವಾಗಿ ಅಲ್ಲ."



ಮುಂದಿನ ವಾರ ಬ್ಯಾಟರಾಯನಪುರದಲ್ಲಿ, ಅಲ್ಲಿಯೇ ಹುಟ್ಟಿ ಬೆಳೆದ ಅಜ್ಜಿಯೊಬ್ಬರ ಮನೆಗೆ ದಿವಾನ್ ಮಂಚ ತಲುಪಿಸಲು ಹೋಗಿದ್ದೆವು. ಅವರೂ ಅದನ್ನೇ ಕೇಳಿದರು. ಹೆಂಡತಿ ಹಿಂದಿನ ಬಾಗಿಲ ಹಗ್ಗ ಬಿಚ್ಚುತ್ತಿದ್ದಳು.

"ನನ್ನ ಎಡಗಾಲಲ್ಲಿ ಶಕ್ತಿ ಇಲ್ಲಮ್ಮಾ, ಕ್ಲಚ್ ತುಳಿಯಕ್ಕಾಗಲ್ಲ," ಎಂದೆ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಜ್ಜಿ "ಆಂ?" ಎಂದರು. ಬೀದಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಬೇಕಾಯಿತು.

"ಅಂಗಾ? ಸರಿ, ಇಂಗ್ ಬಂದು ಕುಂತ್ಕೊ," ಎಂದು ಅಜ್ಜಿ ಜಗುಲಿ ತೋರಿಸಿ, ದಿವಾನಿನ ಬಟ್ಟೆ ಮುಟ್ಟಿ ನೋಡಲು ಹೋದರು. ನಾನು ಕೂತೆ. ಕಿವಿ ಇನ್ನೂ ಉರಿಯುತ್ತಿತ್ತು.