ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ

ಒದೀಲ್ ಅಂದು ಬೆಳಗಿನಿಂದಲೂ ಏನೂ ತಿಂದಿರಲಿಲ್ಲ. ಅರವತ್ನಾಲ್ಕು ವರ್ಷದ ಹೆಂಗಸು, ಫ್ರಾನ್ಸಿನ ಲಿಮೋಜ್ ಊರಿನ ಶಾಲೆಯೊಂದರಲ್ಲಿ ವ್ಯಾಯಾಮ ಕಲಿಸಿ ನಿವೃತ್ತಳಾದವಳು, ಅಲ್ಲಿನ ಓಟದ ಕ್ಲಬ್ಬಿನಲ್ಲಿ ಎರಡು ತಲೆಮಾರಿನ ಹುಡುಗರನ್ನು ಹರ್ಡಲ್ ಹಾರಿಸಿದವಳು. ಅಷ್ಟಾದರೂ ದೊಡ್ಡ ಓಟದ ದಿನ ಅವಳಿಗೆ ಒಂದು ಗುಟುಕು ಕಾಫಿಯೂ ಇಳಿಯುವುದಿಲ್ಲ.

ಗ್ಯಾಲರಿಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಅವಳ ಶಿಷ್ಯ ಎವ್ರಾರ್‌ನ ತಾಯಿ ಯೂಜೆನಿ ಕೂತಿದ್ದಳು. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಿಂದ ಎಂಟು ಗಂಟೆ ವಿಮಾನದಲ್ಲಿ ಬಂದು, ಆಮೇಲೆ ರೈಲು ಹಿಡಿದು ಬಂದಿದ್ದಳು. ಮಗ ಓಡುವುದನ್ನು ಕ್ರೀಡಾಂಗಣದಲ್ಲಿ ಕೂತು ನೋಡಲು ಬಂದದ್ದು ಇದೇ ಮೊದಲು. ನೋಡಲು ಎಂಬುದು ಮಾತಿಗೆ. ಮಧ್ಯಾಹ್ನದ ಸೆಮಿಫೈನಲ್‌ನಲ್ಲಿ ಅವಳು ಕಣ್ಣು ಬಿಟ್ಟೇ ಇರಲಿಲ್ಲ.

"ತಗೊಳ್ಳಿ ಅಕ್ಕಾ, ಎರಡು ವಡೆ ತಿನ್ನಿ" ಎಂದು ಯೂಜೆನಿ ಡಬ್ಬಿ ಮುಂದೆ ಮಾಡಿದಳು. ಉಪ್ಪುಮೀನು, ಮೆಣಸಿನಕಾಯಿ ಹಾಕಿ ಕರಿದ ವಡೆ. "ನೀವು ಹಸ್ಕೊಂಡಿದ್ರೆ ಅವನೇನು ಜೋರಾಗಿ ಓಡ್ತಾನಾ?"

"ಈಗ ಬೇಡಮ್ಮ. ತಿಂದ್ರೆ ಇಲ್ಲೇ ಕಕ್ಕಿಬಿಡ್ತೀನಿ."

"ಹದಿನಾರು ವರ್ಷಕ್ಕೇ ನನ್ನ ಮಗನ್ನ ನಿಮ್ಮ ಕೈಗೆ ಕೊಟ್ಟೆ. ಈಗ ನೋಡಿದ್ರೆ ನೀವು ಅವನಿಗಿಂತ ಜಾಸ್ತಿ ನಡುಗ್ತಾ ಇದೀರ."

ಫ್ರಾನ್ಸಿನ ರಾಷ್ಟ್ರೀಯ ಕೂಟದ ನೂರಹತ್ತು ಮೀಟರ್ ಹರ್ಡಲ್ಸ್ ಫೈನಲ್. ಮೊದಲ ಮೂವರಿಗೆ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ಟಿಕೆಟ್, ನಾಲ್ಕನೆಯವನಿಗೆ ಮನೆ. ಎವ್ರಾರ್ ಶಿಪೊತೆಲ್‌ಗೆ ಆಗ ಮೂವತ್ತಮೂರು. ಈ ಸಲ ಆಗದಿದ್ದರೆ ನಿಲ್ಲಿಸುವುದಾಗಿ ಅವನು ಹೊಸ ವರ್ಷದ ದಿನವೇ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಮಾತು ತಪ್ಪುವವರ ಪೈಕಿಯಲ್ಲ ಅವನು.

ಅವನ ಹೆಸರು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಎರಡೇ ಸಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಜೂನಿಯರ್ ಯುರೋಪಿಯನ್ ಕಂಚು ಗೆದ್ದಾಗ ಒಮ್ಮೆ. ಆಮೇಲಿನ ವರ್ಷಗಳಲ್ಲಿ ಹದಿನಾಲ್ಕು ದೇಶಗಳಲ್ಲಿ ಓಡಿದ. ಆ ಹದಿನಾಲ್ಕರಲ್ಲೂ ಕಂಡದ್ದು ಹೋಟೆಲಿನ ಕೋಣೆ ಮತ್ತು ಅಭ್ಯಾಸದ ಮೈದಾನ ಮಾತ್ರ. ತೊಡೆಯ ಸ್ನಾಯು ಮೂರು ಸಲ ಹರಿಯಿತು. ಒಂಬತ್ತನೇ ಹರ್ಡಲ್ ಅಂದರೆ ಅವನಿಗೆ ಯಾವ ಜನ್ಮದ ವೈರವೋ, ಎಡವಿದರೆ ಅಲ್ಲೇ ಎಡವುತ್ತಿದ್ದ. ಬೆಳಿಗ್ಗೆ ನಗರಸಭೆಯ ಕ್ರೀಡಾಂಗಣದಲ್ಲಿ ಕಾವಲುಗಾರನ ಕೆಲಸ: ಗೇಟು ತೆಗೆಯುವುದು, ಶಾಲೆಯ ಮಕ್ಕಳಿಗೆ ಹರ್ಡಲ್ ಜೋಡಿಸುವುದು. ಮಧ್ಯಾಹ್ನ ಅದೇ ಹರ್ಡಲ್‌ಗಳನ್ನು ಎತ್ತರಿಸಿಕೊಂಡು ತಾನು ಹಾರುವುದು.

ಹೆಸರು ಎರಡನೇ ಸಲ ಬಂದದ್ದು ಆರು ವರ್ಷದ ಹಿಂದೆ, ಯುರೋಪಿಯನ್ ಸೆಮಿಫೈನಲ್‌ನಲ್ಲಿ ಪಿಸ್ತೂಲಿನ ಸದ್ದಿಗೆ ಮೊದಲೇ ಎದ್ದು ಹೊರಬಿದ್ದಾಗ. ಕೆಂಪು ಚೀಟಿ ತೋರಿಸಿದರು. ಅವನು ಜೀವನದಲ್ಲಿ ಅಷ್ಟು ಚೆನ್ನಾಗಿ ಓಡುತ್ತಿದ್ದ ಬೇಸಿಗೆ ಇನ್ನೊಂದಿರಲಿಲ್ಲ. ಪತ್ರಕರ್ತರಿಗೆ "ಕಾಲು ತಡೀಲಿಲ್ಲ, ತಪ್ಪು ನಂದೇ" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡು ಹೋದ.

ತಪ್ಪು ಯಾರದೆಂದು ಒದೀಲ್‌ಗೆ ಗೊತ್ತಿತ್ತು. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕುವುದು ಅವಳ ಹಳೆಯ ಚಾಳಿ. ಒಂದು ಶಿಳ್ಳೆ ಬಂದರೆ, ಏನೋ ಸರಿಯಿಲ್ಲ, ನೋಡಿಕೋ ಎಂದು ಅರ್ಥ. ಅಂದು ಅವನು ಹೊರಡುವ ಗೆರೆಯ ಹಿಂದೆ ಪಾದ ಊರುವ ಬ್ಲಾಕಿನಲ್ಲಿ ಸೊಂಟ ತಗ್ಗಿಸಿ ಕೂತಂತೆ ಕಂಡಿತು, ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಅರೆಗಳಿಗೆ ತಡವಾಗಿತ್ತು. ಮೈದಾನವೆಲ್ಲ ಉಸಿರು ಹಿಡಿದಿದ್ದ ಹೊತ್ತಿನಲ್ಲಿ ಆ ಶಿಳ್ಳೆ ಹೊರಟಿತು, ಅವನು ಎದ್ದ. ಅವನಿಗೆ ಅದು ಕೇಳಿಸಿತೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಕೇಳಲು ಅವಳಿಗೆ ಧೈರ್ಯ ಬರಲಿಲ್ಲ ಎನ್ನುವುದೇ ಸರಿ.

ಆ ಋಣ ತೀರಿಸಬೇಕೆಂಬ ಹಟದಿಂದಲೋ ಏನೋ, ಹೋದ ಅಕ್ಟೋಬರ್‌ನಲ್ಲಿ ಅವಳು ಅವನ ಓಟವನ್ನೇ ಬದಲಾಯಿಸಲು ಹೊರಟಳು. ಗೆರೆಯಿಂದ ಮೊದಲ ಹರ್ಡಲ್‌ವರೆಗೆ ಅವನು ಹುಡುಗನಾಗಿದ್ದಾಗಿನಿಂದ ಎಂಟು ಹೆಜ್ಜೆ ಹಾಕುತ್ತಿದ್ದ. ಈಗ ಮುಂದಿರುವವರೆಲ್ಲ ಏಳು ಹೆಜ್ಜೆಯವರು.

"ಒಂದು ಹೆಜ್ಜೆ ತಾನೇ" ಎಂದಿದ್ದಳು ಅವಳು.

"ಮೇಡಂ, ಈ ವಯಸ್ಸಲ್ಲಿ ಹೆಂಡ್ತಿ ಬೇಕಾದ್ರೆ ಬದಲಾಯಿಸ್ಬಹುದು, ಕಾಲಲ್ಲ" ಎಂದಿದ್ದ ಅವನು, ಮದುವೆಯೇ ಆಗದವನು.

ಒಂದು ಹೆಜ್ಜೆ ಕಡಿಮೆಯಾದರೆ ಎಲ್ಲವೂ ಬುಡಮೇಲು. ಮೊದಲು ಬ್ಲಾಕಿನಲ್ಲಿ ಎಡಗಾಲು ಮುಂದಿರುತ್ತಿತ್ತು. ಈಗ ಬಲಗಾಲು ಮುಂದಿಡಬೇಕು, ಇಲ್ಲದಿದ್ದರೆ ಹರ್ಡಲ್‌ನ ಬಳಿ ತಪ್ಪು ಕಾಲು ಬಂದು ನಿಲ್ಲುತ್ತದೆ. ಚಳಿಗಾಲವಿಡೀ ಅವನು ಗೊಣಗುತ್ತ ಸಾವಿರ ಸಲ ಬಲಗಾಲು ಮುಂದಿಟ್ಟ. ಮೇ ತಿಂಗಳ ಹೊತ್ತಿಗೆ ಏಳು ಹೆಜ್ಜೆ ಕೂತಂತೆ ಕಂಡಿತು. ಕೂತಂತೆ ಮಾತ್ರ.

"ಬಂದ್ರಾ?" ಯೂಜೆನಿ ಆಗಲೇ ಕಣ್ಣು ಮುಚ್ಚಿದ್ದಳು.

"ಬಂದ್ರು. ಬ್ಲಾಕ್ ಜೋಡಿಸ್ತಾ ಇದಾರೆ."

ಎಂಟು ಜನ ತಂತಮ್ಮ ಬ್ಲಾಕಿನ ಮುಂದೆ ಬಗ್ಗಿದ್ದರು. ಎವ್ರಾರ್ ಐದನೇ ಸಾಲಿನಲ್ಲಿದ್ದ. ಗೆರೆಯಿಂದ ಪಾದ ಅಳೆದ, ಬ್ಲಾಕಿನಲ್ಲಿ ಕಾಲೂರುವ ಎರಡು ಪಟ್ಟಿಗಳನ್ನೂ ಬಿಗಿದ, ಅಭ್ಯಾಸಕ್ಕೆಂದು ಒಮ್ಮೆ ಹೊರಟು ಮೊದಲ ಹರ್ಡಲ್ ದಾಟಿದ. ಅಬ್ಬ, ಎಷ್ಟು ಸಲೀಸು! ವರ್ಷದಿಂದ ಇಷ್ಟು ಹಗುರವಾಗಿ ಅವನು ಹೊರಟದ್ದಿಲ್ಲ. ಮಂಡಿಯ ಮೇಲೆ ಬೆರಳಿಂದ ತಟ್ಟುತ್ತ ಎಣಿಸುತ್ತಿದ್ದ ಒದೀಲ್ ಮಾತ್ರ ತಟ್ಟುವುದನ್ನು ಅಲ್ಲೇ ನಿಲ್ಲಿಸಿದಳು.

ಎಂಟು.

ತಪ್ಪು ಎಣಿಸಿದೆನೇ? ನಲವತ್ತು ವರ್ಷ ಹೆಜ್ಜೆ ಎಣಿಸಿದವಳು ತಪ್ಪುವುದುಂಟೇ? ಕಣ್ಣು ಕಿರಿದು ಮಾಡಿ ಐದನೇ ಬ್ಲಾಕ್ ನೋಡಿದಳು. ಎಡಗಾಲಿನ ಪಟ್ಟಿಯೇ ಮುಂದಿತ್ತು. ಗಾಬರಿಯಲ್ಲಿ ಹಳೆಯ ಕೈ ಹಳೆಯ ಕಾಲಿಗೇ ಜೋಡಿಸಿಬಿಟ್ಟಿತ್ತು. ಅವನೋ ಏನೂ ಅರಿಯದವನಂತೆ ಕೈ ಕೊಡವುತ್ತ ವಾಪಸು ಬರುತ್ತಿದ್ದ. ಆ ಇಡೀ ಕ್ರೀಡಾಂಗಣದಲ್ಲಿ ಅದನ್ನು ಕಂಡವಳು ಅವಳೊಬ್ಬಳೇ.

ಇನ್ನೂ ಒಂದು ನಿಮಿಷವಿತ್ತು. ಓಟಗಾರರ ಹೆಸರು ಕೂಗುತ್ತಿದ್ದರು. ಈಗ ಒಂದು ಶಿಳ್ಳೆ ಹಾಕಿದರೆ ಅವನಿಗೆ ಗೊತ್ತಾಗುತ್ತದೆ, ಪಟ್ಟಿ ಬದಲಿಸಲು ಹೊತ್ತಿದೆ. ಆದರೆ ಬದಲಿಸುವ ಗಡಿಬಿಡಿಯಲ್ಲಿ ಅವನ ಎದೆ ಎಲ್ಲಿಗೆ ಹೋಗಿ ನಿಲ್ಲುತ್ತದೋ! ಶಿಳ್ಳೆ ಹಾಕದಿದ್ದರೆ? ತಲೆ ಏಳು ಎಂದು, ಕಾಲು ಎಂಟು ಎಂದು ಎಳೆದಾಡಿ, ಮೊದಲ ಹರ್ಡಲ್‌ಗೇ ಹೋಗಿ ಬಡಿದರೆ? ಅಲ್ಲಿಗೆ ಹದಿನೇಳು ವರ್ಷ ಮುಗಿಯಿತು.

ಅವಳ ಎರಡು ಬೆರಳು ಆಗಲೇ ಬಾಯಲ್ಲಿದ್ದವು.

"ಏನಾಯ್ತಕ್ಕಾ? ಯಾಕೆ ಮಾತಾಡ್ತಿಲ್ಲ?" ಯೂಜೆನಿ ಅವಳ ತೋಳು ಹಿಡಿದಳು. "ಬಿದ್ನಾ?"

ಓಡುವುದಕ್ಕೆ ಮುಂಚೆ ಬೀಳುವುದು ಹೇಗೆ ಎಂದು ಒದೀಲ್ ಬೆರಳಿನ ಸಂದಿಯಿಂದಲೇ ಗದರಿದಳು. ಆ ಹೊತ್ತಿಗೆ ಎವ್ರಾರ್ ತಲೆ ಎತ್ತಿ ಗ್ಯಾಲರಿಯತ್ತ ನೋಡಿದ. ತಾಯಿಯನ್ನು ಹುಡುಕಿದನೋ, ಒದೀಲ್‌ಳನ್ನು ಹುಡುಕಿದನೋ. ಒದೀಲ್‌ಗೆ ಆರು ವರ್ಷದ ಹಿಂದಿನ ಆ ಬೆನ್ನು ಕಣ್ಣಿಗೆ ಕಟ್ಟಿತು, ಕೆಂಪು ಚೀಟಿಯ ಮುಂದೆ ಚೀಲ ಎತ್ತಿಕೊಂಡ ಬೆನ್ನು. ಅವಳು ಬೆರಳು ತೆಗೆದಳು. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಳು.

ಸದ್ದು ಅಡಗಿತು. ಪಿಸ್ತೂಲು ಸಿಡಿಯಿತು.

ಎಂಟು ಹೆಜ್ಜೆ, ಮೊದಲ ಹರ್ಡಲ್. ಇಬ್ಬರು ಅವನಿಗಿಂತ ಮುಂದಿದ್ದರು, ಏಳು ಹೆಜ್ಜೆಯವರು. ಐದನೆಯ ಹರ್ಡಲ್‌ನಲ್ಲಿ ಮೂರನೆಯವನೊಬ್ಬ ಅವನನ್ನು ದಾಟಿದ. ಒದೀಲ್ ತುಟಿ ಕಚ್ಚಿಕೊಂಡಳು. ಏಳನೆಯದು, ಎಂಟನೆಯದು. ಒಂಬತ್ತನೆಯದರಲ್ಲಿ, ದೇವರೇ, ಅವನ ಹಿಂಗಾಲು ಹಲಗೆಗೆ ತಾಗಿತು, ಹರ್ಡಲ್ ಓಲಾಡಿತು, ಆದರೆ ಅವನು ಎಡವಲಿಲ್ಲ. ಹತ್ತನೆಯದು ದಾಟಿದ ಮೇಲೆ ಆ ಮೂರನೆಯವನನ್ನು ಹಿಡಿದ, ಕೊನೆಯ ಗೆರೆಯ ಬಳಿ ಇಬ್ಬರೂ ಒಟ್ಟಿಗೆ ಎದೆ ಚಾಚಿದರು.

"ಹೇಳಿ ಅಕ್ಕಾ!"

"ಗೊತ್ತಿಲ್ಲ. ಫೋಟೋ ನೋಡ್ತಾ ಇದಾರೆ."

ಫಲಿತಾಂಶದ ಫಲಕ ಬೇಕೆಂದೇ ಸತಾಯಿಸಿತು. ಒಂದನೇ ಹೆಸರು ಬಂತು. ಎರಡನೆಯದು ಬಂತು. ಆಮೇಲೆ ಬಹಳ ಹೊತ್ತು ಖಾಲಿ ಇತ್ತು. ಕೊನೆಗೆ ಬಂತು: ಶಿಪೊತೆಲ್. ನಾಲ್ಕನೆಯವನಿಗಿಂತ ಸೆಕೆಂಡಿನ ನೂರನೇ ಒಂದು ಪಾಲು ಮುಂದೆ.

ಯೂಜೆನಿ ಕಣ್ಣು ಬಿಟ್ಟದ್ದೇ ಡಬ್ಬಿ ಉರುಳಿತು, ವಡೆಗಳು ಮುಂದಿನ ಸಾಲಿನವರ ಮೇಲೆ ಬಿದ್ದವು.

ಅರ್ಧ ಗಂಟೆಯ ಮೇಲೆ ಎವ್ರಾರ್ ಬೇಲಿಯ ಬಳಿ ಬಂದ. ತಾಯಿ ಅವನ ಕುತ್ತಿಗೆಗೆ ಜೋತುಬಿದ್ದು ಅತ್ತು ಮುಗಿಸುವವರೆಗೆ ಒದೀಲ್ ದೂರ ನಿಂತಿದ್ದಳು. ಆಮೇಲೆ ಹತ್ತಿರ ಬಂದಳು.

"ಎಂಟು ಹೆಜ್ಜೆ ಹಾಕ್ದೆ, ಕತ್ತೆ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ನಿಮ್ಮ ಬೆರಳು ಬಾಯಿಗೆ ಹೋಗಿದ್ದು ನೋಡ್ದೆನಲ್ಲ, ಆಗ. ಏನೋ ಎಡವಟ್ಟಾಗಿದೆ ಅಂತ ಕೆಳಗೆ ನೋಡಿದ್ರೆ, ಎಡಗಡೆ ಪಟ್ಟಿ ಮುಂದಿದೆ. ಜೀವ ಬಾಯಿಗೆ ಬಂತು ಮೇಡಂ. ಬದಲಾಯಿಸೋಣ ಅಂತ ಬಗ್ಗೋನಿದ್ದೆ. ಇನ್ನೊಂದ್ಸಲ ನೋಡಿದ್ರೆ ನೀವು ಕೈ ಮೇಲೆ ಕೂತಿದೀರಿ. ಸರಿ, ಎಂಟೇ ಇರಲಿ ಅಂತೀರಿ ಅಂದ್ಕೊಂಡೆ."

ಒದೀಲ್ ಬೇಲಿಯ ಕಂಬಿ ಹಿಡಿದುಕೊಂಡಳು. ಆರು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದನ್ನು ಆಗ ಕೇಳಿದಳು.

"ಆ ಸೆಮಿಫೈನಲ್‌ನಲ್ಲಿ... ನನ್ನ ಶಿಳ್ಳೆ ನಿನಗೆ ಕೇಳಿಸಿತ್ತಾ?"

ಎವ್ರಾರ್ ಸ್ಪೈಕ್ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

"ಕೇಳಿಸ್ದೇ ಇರತ್ತಾ ಮೇಡಂ? ಅದಕ್ಕೇ ಎದ್ದಿದ್ದು" ಎಂದ. ಆಮೇಲೆ ಬೂಟು ಅವಳ ಕೈಗೆ ಕೊಟ್ಟು, ತಾಯಿಯ ಡಬ್ಬಿಯಲ್ಲಿ ಇನ್ನೇನು ಉಳಿದಿದೆ ಎಂದು ನೋಡಲು ಹೋದ.