ಗುಲಾಬಿ ನೀರು ಹಳದಿಯಾದ ಮಧ್ಯಾಹ್ನ

ಕೊರೊನಾ ಮುಗಿದು ಸಿಂಧನೂರಿನ ಬಸ್ಸುಗಳು ಮತ್ತೆ ಮೊದಲಿನಂತೆ ತುಂಬಿ ಓಡತೊಡಗಿದ ವರ್ಷ ಅದು. ನಮ್ಮ ಮನೆಯವರು ದಢೇಸುಗೂರು ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಒಂದು ದಿನ ಊಟಕ್ಕೆ ಕೂತಾಗ ಅವರೇ ಸುದ್ದಿ ತಂದರು. "ಕಾಲುವಿ ಆಚಿ ಕ್ಯಾಂಪಿನ್ಯಾಗ ಸೀಗಡಿ ಸಂಶೋಧನೆ ಮಾಡೋರು ಎರಡು ಖೋಲಿ ಬಾಡಿಗಿ ಹಿಡದಾರ. ಕಸ ಹೊಡದು ಗಾಜಿನ ಸಾಮಾನು ತೊಳಿಯಾಕ ಒಬ್ಬ ಹೆಣ್ಮಗಳು ಬೇಕಂತ. ಹೋಗ್ತಿಯೇನು?" ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನನಗೆ ಹೊತ್ತು ಹೋಗುತ್ತಿರಲಿಲ್ಲ. ಹೂಂ ಅಂದೆ.

ಭತ್ತದ ಸೀಮೆಯಲ್ಲಿ ಸೀಗಡಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ವರ್ಷಗಟ್ಟಲೆ ಕಾಲುವೆ ನೀರು ನಿಂತು ನಮ್ಮ ಕಡೆ ಎಷ್ಟೋ ಹೊಲಗಳು ಸವಳಾಗಿವೆ. ಬೇಸಿಗೆಯಲ್ಲಿ ಅಲ್ಲಿ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಎದ್ದು ಕಾಣುತ್ತದೆ. ಭತ್ತ ಬಾರದ ಅಂಥ ನೆಲದಲ್ಲಿ ಹಿಂದೆ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರು ಹೊಂಡ ತೋಡಿ, ಅಲ್ಲಿನ ಕರಾವಳಿಯಿಂದ ಸೀಗಡಿ ಮರಿ ತರಿಸಿ ಸಾಕುತ್ತಾರೆ. ಅವರ ತೆಲುಗಿನಲ್ಲಿ ರೊಯ್ಯ ಅನ್ನುತ್ತಾರೆ ಅದಕ್ಕೆ. ಚೆನ್ನಾಗಿ ಬಂದರೆ ಮೂರು ನಾಲ್ಕು ತಿಂಗಳಲ್ಲಿ ಬೆಳೆ ಕೈಗೆ. ಬಿಳಿ ಚುಕ್ಕೆ ರೋಗ ಬಿತ್ತೋ, ನಾಲ್ಕೇ ದಿನದಲ್ಲಿ ಹೊಂಡ ಖಾಲಿ.

ಆ ರೋಗವನ್ನು ಮರಿ ಇರುವಾಗಲೇ ಹೊಂಡದ ದಂಡೆಯಲ್ಲಿ ನಿಂತು ಪತ್ತೆ ಮಾಡುವ ಒಂದು ಪರೀಕ್ಷೆಯ ಮೇಲೆ ಅಲ್ಲಿ ಕೆಲಸ ನಡೆದಿತ್ತು. ಮಾಡುತ್ತಿದ್ದವಳು ಲವೀನಾ ಎಂಬ ಹುಡುಗಿ. ಕುಂದಾಪುರದ ಕಡೆಯವಳು, ಮೀನುಗಾರರ ಮನೆಯ ಮಗಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ನಮ್ಮ ರೊಟ್ಟಿ ಅಗಿಯಲು ಮೊದಮೊದಲು ಬಹಳ ಕಷ್ಟಪಟ್ಟಳು.

ಕೆಲಸಕ್ಕೆ ಸೇರಿ ಎರಡು ವಾರವಾಗಿರಬೇಕು. ತೊಳೆದ ಟ್ಯೂಬುಗಳನ್ನು ನಾನು ಚೀಟಿಯ ಮೇಲಿನ ನಂಬರಿನ ಪ್ರಕಾರ ಸಾಲಾಗಿ ಜೋಡಿಸಿದ್ದನ್ನು ನೋಡಿ ಅವಳು ಕೇಳಿದಳು, "ಅಕ್ಕ, ನೀವು ಎಲ್ಲಿವರೆಗೆ ಓದಿದ್ದೀರಿ?"

ಹೇಳಲು ನಾಚಿಕೆಯಾಯಿತು. ನನ್ನ ತವರು ಮಸ್ಕಿ. ಲಿಂಗಸುಗೂರಿನಲ್ಲಿ ಪಿಯುಸಿ ಸೈನ್ಸ್ ಮುಗಿಸಿ ಬಿ.ಎಸ್ಸಿ.ಗೂ ಸೇರಿದ್ದೆ. ಅವ್ವನೇ ಹೊಲಿದುಕೊಟ್ಟ ಬಿಳಿ ಕೋಟು ಹಾಕಿಕೊಂಡು ಮೂರು ತಿಂಗಳು ಲ್ಯಾಬಿಗೂ ಹೋಗಿದ್ದೆ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಒಳ್ಳೆಯ ಮನೆತನ, ಬುದ್ಧನ ಫೋಟೋದ ಮುಂದೆ ನಾಲ್ಕು ಜನ ಸೇರಿ ಮಾಡಿದ ಸರಳ ಮದುವೆ, ಗಂಡನೂ ಒಳ್ಳೆಯವರು. ದೂರುವಂಥದ್ದು ಏನೂ ಇರಲಿಲ್ಲ. ಓದು ಮಾತ್ರ ಅಲ್ಲಿಗೇ ನಿಂತಿತು.

ಇದನ್ನೆಲ್ಲ ಕೇಳಿದ ಲವೀನಾ ಮರುದಿನ ನನ್ನ ಕೈಗೊಂದು ಜೊತೆ ಗ್ಲೌಸ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಳು. ಮರಿಗಳನ್ನು ಅರೆಯುವುದು, ಅದರ ರಸದ ಒಂದು ಹನಿಯನ್ನು ಗುಲಾಬಿ ಬಣ್ಣದ ನೀರಿಗೆ ಸೇರಿಸುವುದು, ಬಿಸಿ ಪೆಟ್ಟಿಗೆಯಲ್ಲಿ ಒಂದು ತಾಸು ಇಡುವುದು. ಗುಲಾಬಿ ಹಾಗೇ ಉಳಿದರೆ ರೋಗ ಇಲ್ಲ. ಹಳದಿಗೆ ತಿರುಗಿದರೆ ಇದೆ. ಕೇಳಲು ಇಷ್ಟೇ. ಆದರೆ ಕೈ ಸ್ವಲ್ಪ ಹೊಲಸಾದರೂ ತಪ್ಪು ಉತ್ತರ ಬರುತ್ತದೆ. ಮೊದಲ ತಿಂಗಳು ನಾನು ಮಾಡಿದ್ದೆಲ್ಲ ಹಳದಿಯಾಗಿ, ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. ಆಮೇಲೆ ಕೈ ಪಳಗಿತು. ಆದರೂ ಒಂದು ನಿಯಮವಿತ್ತು. ರೈತರಿಗೆ ಫಲಿತಾಂಶ ಹೇಳುವವಳು ಅವಳೊಬ್ಬಳೇ. ಪರೀಕ್ಷೆ ಇನ್ನೂ ಪ್ರಯೋಗದಲ್ಲಿತ್ತು. ಅವಳಿಗೆ ಮಾತ್ರ ನಡೆಸಲು ಬರುತ್ತಿದ್ದ ದೊಡ್ಡ ಮಷಿನ್ನಿನಲ್ಲಿ ಮತ್ತೊಮ್ಮೆ ನೋಡದೆ ಅವಳೂ ಬಾಯಿ ಬಿಡುತ್ತಿರಲಿಲ್ಲ.

ಮರುವರ್ಷ ಫೆಬ್ರುವರಿಯಲ್ಲಿ ಲವೀನಾಳ ತಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವಳು ಬೆಳಿಗ್ಗೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೊರಟಳು, ಅಲ್ಲಿಂದ ಘಟ್ಟ ಇಳಿದು ಊರಿಗೆ ಹೋಗುವವಳಿದ್ದಳು. ಕೋಣೆಯ ಕೀಲಿ ನನ್ನ ಹತ್ತಿರ.

ಅವತ್ತೇ ಮಧ್ಯಾಹ್ನ ಬಾಗಿಲ ಮುಂದೆ ಸತ್ಯವತಮ್ಮ ಬಂದು ನಿಂತರು. ಅದೇ ಕ್ಯಾಂಪಿನವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ನಾಲ್ಕು ಹೊಂಡ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು.

"ಮರಿ ಗಾಡಿ ಬಂದೈತಮ್ಮಾ. ನಸುಕಿನ್ಯಾಗ ಬರಬೇಕಿತ್ತು, ದಾರ್‍ಯಾಗ ಕೆಟ್ಟು ನಿಂತಿತ್ತಂತ. ಮೇಡಂ ಎಲ್ಲಿ?"

"ಊರಿಗೆ ಹೋಗ್ಯಾರ್ರಿ."

"ಅಯ್ಯೋ ತಲ್ಲಿ! ಬಿಸಲಾಗ ಚೀಲದ ಮರಿ ಎಷ್ಟೊತ್ತು ಜೀವ ಹಿಡಿತಾವು? ಪರೀಕ್ಷೆ ಮಾಡದ ಬಿಟ್ಟು ಹೋದ ಸಲ ಎರಡು ಹೊಂಡ ಕಳಕೊಂಡೀನಿ."

ಲವೀನಾಳಿಗೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಘಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಅವಳೇ ಹೇಳಿದ್ದಳು. ನಾಲ್ಕು ಸಲ ಪ್ರಯತ್ನಿಸಿದೆ. ನಂತರ ಗ್ಲೌಸ್ ಹಾಕಿಕೊಂಡೆ.

ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೂರರಿಂದ ಮರಿ ತಂದು ಪರೀಕ್ಷೆಗಿಟ್ಟೆ. ಒಂದು ತಾಸಿನ ಮೇಲೆ ಪೆಟ್ಟಿಗೆ ತೆರೆದರೆ ಮೂರರಲ್ಲಿ ಎರಡು ಟ್ಯೂಬು ಹಳದಿ. ಆಗಲೇ ನೆನಪಾದದ್ದು, ಗಡಿಬಿಡಿಯಲ್ಲಿ ಕಂಟ್ರೋಲ್ ಟ್ಯೂಬು ಇಟ್ಟೇ ಇರಲಿಲ್ಲ. ಮರಿಯ ಬದಲು ಬರೀ ಶುದ್ಧ ನೀರು ಹಾಕಿದ ಟ್ಯೂಬು ಅದು. ಅದೂ ಹಳದಿಯಾದರೆ ತಪ್ಪು ನನ್ನ ಕೈಯದು, ಮರಿಯದಲ್ಲ.

ಹೊರಗೆ ಬಂದು, "ಇನ್ನೊಂದು ತಾಸು ಬೇಕ್ರಿ" ಅಂದೆ.

ಮರಿ ತಂದ ಏಜೆಂಟನಿಗೆ ಸಿಟ್ಟು ನೆತ್ತಿಗೇರಿತು. "ಏನ್ರೀ ಸತ್ಯವತಮ್ಮ, ಕಸ ಹೊಡಿಯಾಕಿ ಮಾತು ಕೇಳಿ ಗಾಡಿ ನಿಲ್ಲಸ್ತೀರೇನು? ಮರಿ ಸತ್ರ ನನ್ನ ಕೇಳಬ್ಯಾಡ್ರಿ ಮತ್ತ!"

ಸತ್ಯವತಮ್ಮ ಚೀಲಗಳಿದ್ದ ಡಬ್ಬಿಗಳನ್ನೆಲ್ಲ ಬೇವಿನ ಮರದ ನೆರಳಿಗೆ ಇಳಿಸಿ ಅವುಗಳ ಮೇಲೆ ಹಸಿ ಗೋಣಿ ಹಾಸಿದರು. ನನ್ನ ಕಡೆ ನೋಡಿ, "ನೀ ಮಾಡಮ್ಮ" ಅಂದರು, ಅಷ್ಟೇ.

ಎರಡನೆಯ ತಾಸು ಕಳೆಯಲೇ ಇಲ್ಲ. ಒಳ್ಳೆಯ ಮರಿಗಳನ್ನು ನನ್ನ ಅನುಮಾನದಿಂದಲೇ ಕೊಲ್ಲುತ್ತಿದ್ದೇನೇನೋ ಎಂಬ ಹೆದರಿಕೆ ಒಂದು ಕಡೆ. ನನ್ನದಲ್ಲದ ಕೆಲಸಕ್ಕೆ ಕೈ ಹಾಕಿದ್ದೇನೆ, ನಾಳೆ ಲವೀನಾಳಿಗೆ ಮುಖ ತೋರಿಸುವುದು ಹೇಗೆ ಎಂಬ ಸಂಕಟ ಇನ್ನೊಂದು ಕಡೆ. ಈ ಸಲ ಹೊಸ ಗ್ಲೌಸ್ ಹಾಕಿದ್ದೆ, ಟೇಬಲನ್ನು ಎರಡು ಸಲ ಒರೆಸಿದ್ದೆ. ಪರೀಕ್ಷೆಗೆ ತಂದದ್ದರಲ್ಲಿ ಮಿಕ್ಕ ಮರಿಗಳನ್ನು ಚೀಲದ ನಂಬರ್ ಬರೆದು ಸ್ಪಿರಿಟ್ಟಿನಲ್ಲಿ ಹಾಕಿಟ್ಟೆ. ತಾಸು ತುಂಬಿದಾಗ ಪೆಟ್ಟಿಗೆ ತೆರೆದೆ.

ಕಂಟ್ರೋಲ್ ಟ್ಯೂಬು ಗುಲಾಬಿಯಾಗಿಯೇ ಇತ್ತು. ಮೊದಲು ಹಳದಿಯಾಗಿದ್ದ ಎರಡು ಚೀಲದವು ಮತ್ತೆ ಹಳದಿ.

"ಬಿಡಬ್ಯಾಡ್ರಿ, ಸತ್ಯವತಮ್ಮ" ಅಂದೆ. "ಮೇಡಂ ಇಲ್ಲ, ಇದು ನಾ ಹೇಳಾಕತ್ತೀನಿ. ನಂದು ತಪ್ಪಾಗಿದ್ರೂ ಆಗಿರಬಹುದು. ಆದ್ರ ನನಗ ಕಂಡದ್ದು ಇದು."

ಅವರು ಟ್ಯೂಬುಗಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಏಜೆಂಟನ ಕಡೆ ತಿರುಗಿ, "ಒಯ್ಯಿ" ಅಂದರು.

ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು. ಸಂಜೆ ಲವೀನಾಳ ಫೋನ್ ಬಂತು. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ.

"ಕಂಟ್ರೋಲ್ ಇಟ್ಟಿದ್ರಾ ಅಕ್ಕ?"

"ಎರಡನೇ ಸಲ ಇಟ್ಟಿದ್ದೆ. ಗುಲಾಬಿನೇ ಉಳೀತು."

"ಸ್ಯಾಂಪಲ್?"

"ಸ್ಪಿರಿಟ್ಟಿನ್ಯಾಗ ಐತಿ. ನಂಬರ್ ಬರದೀನಿ."

"ಹಾಗಾದ್ರೆ ನಾನಿದ್ದರೂ ಇದನ್ನೇ ಹೇಳ್ತಿದ್ದೆ" ಅಂದಳು. ವಾರದ ಮೇಲೆ ಬಂದು ದೊಡ್ಡ ಮಷಿನ್ನಿನಲ್ಲಿ ನೋಡಿದಾಗಲೂ ಅದೇ ಉತ್ತರ ಬಂತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೀ ಹೆಮ್ಮೆಯಿಂದ ಬರೆಯುತ್ತಿದ್ದೆ. ಆದರೆ ಆ ಮರಿಗಳು ವಾಪಸ್ ಹೋಗಿರಲಿಲ್ಲ. ಅದೇ ಸಂಜೆ ಏಜೆಂಟ ಅವನ್ನು ಎರಡು ಕ್ಯಾಂಪಿನಾಚೆ ಬೇರೊಬ್ಬರ ಹೊಂಡಕ್ಕೆ ಸುರಿದಿದ್ದ. ತಿಂಗಳು ತುಂಬುವ ಮೊದಲೇ ಆ ಹೊಂಡದ ಮೇಲೆ ಕೊಕ್ಕರೆ, ಕಾಗೆಗಳು ಮುಗಿಬಿದ್ದವು. ಸಾಯುವ ಸೀಗಡಿ ದಂಡೆಗೆ ಬರುತ್ತದೆ, ಹಕ್ಕಿಗಳಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ನಾಲ್ಕು ಜನಕ್ಕೆ ಫೋನ್ ಮಾಡಿ ಎಚ್ಚರಿಸಬೇಕಿತ್ತು. ಆ ದಿನ ಸತ್ಯವತಮ್ಮನ ಹೊಂಡ ಉಳಿಯಿತು ಎಂಬ ಸಮಾಧಾನದಲ್ಲಿ ನನಗದು ಹೊಳೆಯಲೇ ಇಲ್ಲ. "ನನಗೂ ಹೊಳೀಲಿಲ್ಲ ಅಕ್ಕ" ಅಂದಳು ಲವೀನಾ. ಆಮೇಲೆ ಇಬ್ಬರೂ ಕೂತು ಸುತ್ತಲಿನ ಹೊಂಡದವರನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಹಳದಿ ಬಂದರೆ ಮೊದಲು ಅದರಲ್ಲಿ ಹಾಕುವುದು. ಹಾಕುವ ಕೆಲಸ ನನ್ನದಾಯಿತು.

ಇನ್ನೊಂದು ಬೆಳೆಯ ಕಾಲ ಕಳೆದು ಯೋಜನೆಯ ಅವಧಿ ಮುಗಿಯಿತು. ಬಿಸಿ ಪೆಟ್ಟಿಗೆ, ಮಷಿನ್ನು ಎಲ್ಲವನ್ನೂ ಒಂದು ವ್ಯಾನು ತುಂಬಿಕೊಂಡು ಹೋಯಿತು. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಲವೀನಾ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಳು. "ಉಣ್ಣೋದು ಬಿಡಬ್ಯಾಡ" ಅಂತ ಮಾತ್ರ ಅಂದೆ.

ಆ ಕೋಣೆಗಳಲ್ಲಿ ಈಗ ಗೊಬ್ಬರದ ಚೀಲ ತುಂಬಿದ್ದಾರೆ. ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಕೆಲಸ ಚೆನ್ನಾಗಿದೆ, ಮಕ್ಕಳು ಪ್ರೀತಿಯಿಂದ ಮಾತಾಡಿಸುತ್ತವೆ. ಆದರೂ ಬೇಳೆ ಬೇಯುವುದನ್ನು ಕಾಯುತ್ತ ಕೂತಾಗ ಆ ತಾಸು ನೆನಪಾಗುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದೆ, ಗೊತ್ತಾಗುತ್ತದೆ ಎಂಬ ಭರವಸೆಯಲ್ಲಿ ಕಾಯುವ ಆ ಸುಖ ನನಗೆ ಮತ್ತೆ ಸಿಕ್ಕಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಬಿಟ್ಟು ಬಂದದ್ದು ಏನೆಂದು ಆಗ ನನಗೆ ಪೂರ್ತಿ ತಿಳಿದಿರಲಿಲ್ಲ. ನಲವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ತಿಳಿಯದೇ ಇದ್ದಿದ್ದರೆ ಹಗುರವಾಗಿರುತ್ತಿದ್ದೆನೋ ಏನೋ. ಆದರೂ ತಿಳಿದದ್ದೇ ಒಳ್ಳೆಯದಾಯಿತು ಅನಿಸುತ್ತದೆ.

ಈ ಕ್ರಿಸ್‌ಮಸ್ಸಿಗೆ ಲವೀನಾ ವಿಡಿಯೋ ಕಾಲ್ ಮಾಡಿದ್ದಳು. ಕರಾವಳಿಯಲ್ಲಿ, ಅವಳ ಊರಿನ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸವಂತೆ. ಮಾತಾಡುತ್ತ ಹೊರಗೆ ನಡೆದು ಬಂದು ಫೋನನ್ನು ಆಚೆ ತಿರುಗಿಸಿದಳು. ಪರದೆಯ ತುಂಬ ನೀರು, ಅಲೆಗಳ ಸದ್ದು.

"ಅಕ್ಕ, ನೀವು ಸಮುದ್ರ ನೋಡಿದ್ದೀರಾ?"

ಇಲ್ಲ ಅಂದೆ. ಎರಡು ವರ್ಷ ಸಮುದ್ರದ ಜೀವಿಯನ್ನು ಕೈಯಲ್ಲಿ ಹಿಡಿದವಳು ನಾನು, ಸಮುದ್ರ ಮಾತ್ರ ಕಂಡಿಲ್ಲ.

"ಒಂದು ಸಲ ಬನ್ನಿ. ನಮ್ಮ ಲ್ಯಾಬನ್ನೂ ತೋರಿಸ್ತೇನೆ."

"ಬರ್ತೀನವ್ವ" ಅಂದೆ. ಯಾವಾಗ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಮಗಳನ್ನು ಕರೆದು, ಸಿಂಧನೂರಿನಿಂದ ಕುಂದಾಪುರಕ್ಕೆ ಯಾವ ಯಾವ ಬಸ್ಸು ಎಂದು ನೋಡಿ ಹೇಳು ಅಂದೆ. ಅವಳು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ.